ಶಾಸಕರ ಸುದ್ದಿಯಲ್ಲಿ ನಮ್ಮ ಅರ್ಜಿಗೆ ಜಾಗ ಎಲ್ಲಿದೆ?

ಮೈಸೂರು, ಮಂಡ್ಯದ ಯಾವುದೇ ಬಡಾವಣೆಯ ವಾಟ್ಸಾಪ್ ಗುಂಪು ತೆಗೆದು ನೋಡಿ. ಶಾಸಕರ ಕಚೇರಿಯಿಂದ ಆಗಾಗ ಸುದ್ದಿ ಬರುತ್ತಿರುತ್ತದೆ. ಇಂಥ ರಸ್ತೆಗೆ ಗುದ್ದಲಿ ಪೂಜೆ ಆಯಿತು. ಇಂಥ ಶಾಲೆಗೆ ಎರಡು ಕೊಠಡಿ ಮಂಜೂರಾಯಿತು. ಗುರುವಾರ ಪಿಂಚಣಿ ಅದಾಲತ್ ಇದೆ, ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ತನ್ನಿ. ನಾಳೆ ಚೆಸ್ಕಾಂ ಕೆಲಸ ಇದೆ, ಸಂಜೆವರೆಗೆ ಕರೆಂಟ್ ಇರುವುದಿಲ್ಲ. ಎಲ್ಲಾ ಬೇಕಾದ ಸುದ್ದಿಯೇ. ಇದನ್ನು ನೋಡಿಕೊಂಡೇ ಎಷ್ಟೋ ಜನ ಅದಾಲತ್‌ಗೆ ಹೋಗಿ ಪಿಂಚಣಿ ಸರಿ ಮಾಡಿಸಿಕೊಂಡಿದ್ದಾರೆ.

ಆದರೆ ಈ ಸುದ್ದಿಯಲ್ಲಿ ಒಂದು ವಿಷಯ ಬರುವುದೇ ಇಲ್ಲ. ಜನ ಏನು ಕೇಳಿದ್ದರು, ಅದಕ್ಕೆ ಸರ್ಕಾರ ಏನು ಉತ್ತರ ಕೊಟ್ಟಿತು ಅನ್ನುವುದು. ಕೊಟ್ಟದ್ದರ ಪಟ್ಟಿ ಇರುತ್ತದೆ, ಕೇಳಿದ್ದರ ಪಟ್ಟಿ ಇರುವುದಿಲ್ಲ. ಇದು ಇವತ್ತಿನ ಯಾರೋ ಒಬ್ಬ ಶಾಸಕರ ಅಥವಾ ಒಂದು ಪಕ್ಷದ ತಪ್ಪಲ್ಲ. ಇದು ಹೀಗಾಗುವುದಕ್ಕೆ ಸುಮಾರು ಒಂದೂವರೆ ಶತಮಾನದ ಹಿನ್ನೆಲೆ ಇದೆ. ಆ ಕಥೆ ಶುರುವಾಗಿದ್ದು ನಮ್ಮ ಮೈಸೂರಿನಲ್ಲೇ.

1881ರ ಮಾರ್ಚ್‌ನಲ್ಲಿ ಬ್ರಿಟಿಷರು ಮೈಸೂರು ರಾಜ್ಯವನ್ನು ಮತ್ತೆ ಒಡೆಯರ್ ಮನೆತನಕ್ಕೆ ಒಪ್ಪಿಸಿದರು. ಹತ್ತನೇ ಚಾಮರಾಜ ಒಡೆಯರ್ ಪಟ್ಟಕ್ಕೆ ಬಂದರು, ಸಿ. ರಂಗಾಚಾರ್ಲು ದಿವಾನರಾದರು. 1876ರಿಂದ 78ರವರೆಗಿನ ಬರದ ಗಾಯ ಆಗಿನ್ನೂ ಹಸಿ. ಊರಿಗೆ ಊರೇ ಖಾಲಿಯಾಗಿದ್ದ ಕಾಲ ಅದು. ಖಜಾನೆಯ ಮೇಲೆ ಸಾಲದ ಹೊರೆ ಇತ್ತು. ಅಂಥ ಹೊತ್ತಿನಲ್ಲಿ ರಂಗಾಚಾರ್ಲು ಒಂದು ಕೆಲಸ ಮಾಡಿದರು. ತಾಲ್ಲೂಕು ತಾಲ್ಲೂಕಿನಿಂದ ತಿಳಿವಳಿಕೆ ಇರುವ ರೈತರನ್ನು, ವ್ಯಾಪಾರಿಗಳನ್ನು ದಸರಾ ಸಮಯಕ್ಕೆ ಮೈಸೂರಿಗೆ ಕರೆಸಿದರು. 1881ರ ಅಕ್ಟೋಬರ್ 7ರಂದು 144 ಜನ ಸೇರಿದರು. ಅದೇ ಮೈಸೂರು ಪ್ರಜಾಪ್ರತಿನಿಧಿ ಸಭೆ.

ಈ ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಬಜೆಟ್ ತಡೆಯುವ ಅಧಿಕಾರವೂ ಇರಲಿಲ್ಲ. ಮೊದಲ ಸದಸ್ಯರನ್ನು ಜನ ಆರಿಸಿ ಕಳಿಸಿದ್ದೂ ಅಲ್ಲ. ಹಾಗಾಗಿ ಇದನ್ನು ಈಗಿನ ಅರ್ಥದ ಪ್ರಜಾಪ್ರಭುತ್ವ ಎಂದು ಹೊಗಳಿದರೆ ಜಾಸ್ತಿಯಾಗುತ್ತದೆ. ಆದರೆ ಅಲ್ಲಿ ಎರಡು ಕೆಲಸ ತಪ್ಪದೆ ನಡೆಯುತ್ತಿತ್ತು. ಮೊದಲನೆಯದು, ದಿವಾನರು ಎದ್ದು ನಿಂತು ಹಿಂದಿನ ವರ್ಷದ ಲೆಕ್ಕ ಒಪ್ಪಿಸುತ್ತಿದ್ದರು. ಮಳೆ ಬೆಳೆ ಹೇಗಿತ್ತು, ಕಂದಾಯ ಎಷ್ಟು ಬಂತು, ರೈಲು ದಾರಿ ಎಲ್ಲಿವರೆಗೆ ಬಂತು, ಮುಂದಿನ ವರ್ಷ ಏನು ಮಾಡುತ್ತೇವೆ, ಇವೆಲ್ಲ ಅದರಲ್ಲಿ ಇರುತ್ತಿತ್ತು. ಎರಡನೆಯದು, ಸದಸ್ಯರು ತಮ್ಮ ತಾಲ್ಲೂಕಿನ ಅಹವಾಲು ಹೇಳುತ್ತಿದ್ದರು. ಕೆರೆ ಏರಿ ಒಡೆದಿದೆ, ಶಾಲೆ ಬೇಕು, ಅರಣ್ಯದವರ ಕಾಟ ತಡೆಯಲಾಗುತ್ತಿಲ್ಲ, ಕಂದಾಯ ಕಟ್ಟಲು ಕಾಲಾವಕಾಶ ಕೊಡಿ. ಅದಕ್ಕೆ ದಿವಾನರು ಅಲ್ಲೇ ಉತ್ತರ ಕೊಡಬೇಕಿತ್ತು. ಆಗುತ್ತದೆ, ಆಗುವುದಿಲ್ಲ, ವಿಚಾರಿಸುತ್ತೇವೆ, ಹೀಗೆ ಏನಾದರೊಂದು. ಅಹವಾಲು ಮತ್ತು ಉತ್ತರ ಎರಡೂ ನಡವಳಿ ಪುಸ್ತಕದಲ್ಲಿ ಅಚ್ಚಾಗುತ್ತಿದ್ದವು.

ಅಧಿಕಾರವೇ ಇಲ್ಲದ ಆ ಸಭೆಯಲ್ಲಿ ಇದ್ದ ಒಂದೇ ಬಲ ಅದು. ಕೇಳಿದ ಮಾತು ಕಾಗದದ ಮೇಲೆ ಉಳಿಯುತ್ತಿತ್ತು. ಉತ್ತರ ಬಂದಿಲ್ಲ ಅಂದರೆ ಮುಂದಿನ ದಸರಾಕ್ಕೆ ಅದೇ ಸದಸ್ಯ ಮತ್ತೆ ಎದ್ದು ನಿಲ್ಲಬಹುದಿತ್ತು. ರಂಗಾಚಾರ್ಲು 1883ರಲ್ಲೇ ತೀರಿಕೊಂಡರು, ಆದರೆ ಅವರ ನಂತರ ಬಂದ ಕೆ. ಶೇಷಾದ್ರಿ ಅಯ್ಯರ್ ಈ ಸಭೆಯನ್ನು ಮುಂದುವರಿಸಿದರು. ಮೈಸೂರಿನ ಪುರಭವನ ಇವತ್ತಿಗೂ ರಂಗಾಚಾರ್ಲು ಹೆಸರಿನಲ್ಲೇ ಇದೆ. ಅದರ ಮುಂದೆ ದಿನಾ ಓಡಾಡುವ ನಮಗೆ ಯಾಕೆ ಆ ಹೆಸರು ಅನ್ನುವುದು ಮಾತ್ರ ಮರೆತುಹೋಗಿದೆ.

ಮುಂದೆ ಸದಸ್ಯರನ್ನು ಆರಿಸುವ ಪದ್ಧತಿ ಬಂತು. 1907ರಲ್ಲಿ ಕಾನೂನು ಚರ್ಚೆಗೆಂದೇ ಬೇರೆ ಶಾಸನ ಪರಿಷತ್ತು ಶುರುವಾಯಿತು. 1923ರ ಕಾಯ್ದೆ ಪ್ರತಿನಿಧಿ ಸಭೆಗೆ ಕಾನೂನಿನ ಆಧಾರ ಕೊಟ್ಟಿತು, ಹೆಂಗಸರಿಗೆ ಮತದ ದಾರಿ ತೆರೆಯಿತು. ಆದರೂ ಕೊನೆಯ ಮಾತು ಅರಮನೆಯದ್ದೇ. ಜವಾಬ್ದಾರಿ ಸರ್ಕಾರ, ಅಂದರೆ ಜನ ಆರಿಸಿದವರಿಗೆ ಉತ್ತರ ಹೇಳಬೇಕಾದ ಸರ್ಕಾರ ಬೇಕು ಎಂಬ ಕೂಗು ಅಲ್ಲಿಂದಲೇ ಜೋರಾಯಿತು. 1938ರಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಬಾವುಟ ಹಾರಿಸಿ ಸತ್ಯಾಗ್ರಹ ನಡೆಯಿತು. 1947ರಲ್ಲಿ ಮೈಸೂರು ಚಲೋ ಚಳವಳಿ ನಡೆದು, ಅದೇ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಮಂತ್ರಿಮಂಡಲ ಬಂತು.

1952ರ ಚುನಾವಣೆಯ ಹೊತ್ತಿಗೆ ಎಲ್ಲಾ ಬದಲಾಗಿತ್ತು. ಈಗ ಶಾಸಕರನ್ನು ಜನ ಆರಿಸುತ್ತಾರೆ, ಅವರಿಗೆ ನಿಜವಾದ ಅಧಿಕಾರ ಇದೆ, ಕಾನೂನು ಅವರ ಕೈಯಲ್ಲಿದೆ. ದೊಡ್ಡ ಗೆಲುವು ಅದು, ಸಂಶಯವೇ ಇಲ್ಲ. ಆದರೆ ವರದಿ ಒಪ್ಪಿಸುವ ಜಾಗ ಬದಲಾಯಿತು. ಮೊದಲು ಸರ್ಕಾರವೇ ವರ್ಷಕ್ಕೊಮ್ಮೆ ಮೈಸೂರಿನಲ್ಲಿ ಜನರ ಪ್ರತಿನಿಧಿಗಳ ಮುಂದೆ ಲೆಕ್ಕ ಹೇಳುತ್ತಿತ್ತು. ಈಗ ಪ್ರತಿನಿಧಿ ಬೆಂಗಳೂರಿಗೆ ಹೋಗಿ, ಅಲ್ಲಿ ನಡೆದದ್ದನ್ನು ಊರಿಗೆ ಬಂದು ಹೇಳಬೇಕು. ಹೇಗೆ ಹೇಳಬೇಕು, ಏನೇನು ಹೇಳಬೇಕು ಎಂಬುದಕ್ಕೆ ಯಾವ ನಿಯಮವೂ ಇಲ್ಲ.

ಸದನದಲ್ಲಿ ಕೇಳುವುದಕ್ಕೆ ಮಾತ್ರ ಒಳ್ಳೆಯ ನಿಯಮಗಳಿವೆ. ಚುಕ್ಕೆ ಗುರುತಿನ ಪ್ರಶ್ನೆ ಹಾಕಿದರೆ ಮಂತ್ರಿ ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ತುರ್ತು ವಿಷಯಕ್ಕೆ ಗಮನ ಸೆಳೆಯುವ ಸೂಚನೆ ಇದೆ, ಪಟ್ಟಿಯಲ್ಲಿಲ್ಲದ ವಿಷಯ ಎತ್ತಲು ಶೂನ್ಯ ವೇಳೆ ಇದೆ. ಮಂತ್ರಿ ಕೊಟ್ಟ ಮಾತು ಏನಾಯಿತು ಎಂದು ನೋಡಲು ಭರವಸೆಗಳ ಸಮಿತಿ ಇದೆ. ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯ 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಗೆದ್ದು ಸದನಕ್ಕೆ ಹೋದಾಗ ಮಂಡ್ಯದ ಹಳ್ಳಿಗಳಲ್ಲಿ ಅವರ ಸದನದ ಭಾಷಣಗಳ ಬಗ್ಗೆ ಮಾತು ನಡೆಯುತ್ತಿತ್ತು. ರಸ್ತೆ ಎಷ್ಟು ಹಾಕಿಸಿದರು ಅನ್ನುವುದರ ಜೊತೆಗೆ ಕಬ್ಬಿನ ಬಗ್ಗೆ ಏನು ಮಾತಾಡಿದರು ಅನ್ನುವುದನ್ನೂ ಜನ ಕೇಳುತ್ತಿದ್ದರು. ಈಗ ಅಂಥ ಕುತೂಹಲ ಕಡಿಮೆಯಾಗಿದೆ ಅಂತ ನನಗನ್ನಿಸುತ್ತದೆ. ಶಾಸಕ ಅಂದರೆ ಕೆಲಸ ಮಾಡಿಸಿಕೊಡುವವರು ಅಂತಲೇ ನಾವೂ ನೋಡುತ್ತೇವೆ ಅಲ್ವಾ?

ಹಾಗೆ ನೋಡುವುದಕ್ಕೆ ಕಾರಣವೂ ಇದೆ. ತಾಲ್ಲೂಕಿನ ಮಟ್ಟದಲ್ಲಿ ಬಹಳಷ್ಟು ಬೀಗದ ಕೈ ಶಾಸಕರ ಹತ್ತಿರವೇ ಬಂದು ಸೇರಿದೆ. ಬಗರ್ ಹುಕುಂ ಜಮೀನು, ಅಂದರೆ ಅನುಮತಿ ಇಲ್ಲದೆ ಸಾಗುವಳಿ ಮಾಡಿಕೊಂಡು ಬಂದ ಸರ್ಕಾರಿ ಜಮೀನು, ಸಕ್ರಮ ಮಾಡುವ ಸಮಿತಿಗೆ ಅವರು ಅಧ್ಯಕ್ಷರು. ಮನೆ, ನಿವೇಶನದ ಆಶ್ರಯ ಸಮಿತಿಗೂ ಅವರೇ. ತಾಲ್ಲೂಕಿನ ಕೆಡಿಪಿ ಸಭೆ, ಅಂದರೆ ಎಲ್ಲಾ ಇಲಾಖೆಯವರನ್ನು ಕೂರಿಸಿ ಕೆಲಸ ಎಲ್ಲಿಗೆ ಬಂತು ಎಂದು ಕೇಳುವ ಸಭೆ, ಅವರ ಅಧ್ಯಕ್ಷತೆಯಲ್ಲೇ ನಡೆಯುತ್ತದೆ. ಇದರ ಮೇಲೆ ವರ್ಷಕ್ಕೆ 2 ಕೋಟಿ ರೂಪಾಯಿ ಕ್ಷೇತ್ರಾಭಿವೃದ್ಧಿ ನಿಧಿ. ಈ ಹಣದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಅದು ಶಾಸಕರ ಕೈಗೆ ಬರುವುದಿಲ್ಲ. ಅವರು ಕಾಮಗಾರಿಗೆ ಶಿಫಾರಸು ಮಾಡುತ್ತಾರೆ, ಜಿಲ್ಲಾಧಿಕಾರಿ ಮಂಜೂರು ಮಾಡುತ್ತಾರೆ, ಕೆಲಸ ಮಾಡಿಸುವುದು ಬೇರೆ ಸಂಸ್ಥೆ. ಹಾಗಿದ್ದರೂ ಬೋರ್ಡಿನ ಮೇಲೆ ಶಾಸಕರ ಅನುದಾನ ಎಂದೇ ಬರೆಯುತ್ತಾರೆ.

ಚರಂಡಿ, ಬೋರ್‌ವೆಲ್, ಬೀದಿ ದೀಪ ಇವು ಶಾಸಕರ ಕೆಲಸ ಆಗಬಾರದು ಎಂದು ಯೋಚಿಸಿದವರು ಇದೇ ನೆಲದಲ್ಲಿದ್ದರು. ಆಗ ಮೈಸೂರು ಜಿಲ್ಲೆಯಲ್ಲೇ ಇದ್ದ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್, ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಮಂತ್ರಿ. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ನೀರ್ ಸಾಬ್ ಎಂದೇ ಹೆಸರಾದವರು. ಆದರೆ ಅವರ ನಿಜವಾದ ಸಾಧನೆ ಅಧಿಕಾರವನ್ನು ಕೆಳಕ್ಕೆ ಇಳಿಸಿದ್ದು. 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು, ಕಾಲು ಭಾಗ ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಕೊಟ್ಟರು. ಊರಿನ ಕೆಲಸ ಊರಿನವರಿಗೆ, ಕಾನೂನಿನ ಕೆಲಸ ಶಾಸಕರಿಗೆ ಎಂಬ ಲೆಕ್ಕ ಅದು. ಕೆಲವು ವರ್ಷಗಳಲ್ಲೇ ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಇಡೀ ದೇಶಕ್ಕೆ ಪಂಚಾಯತ್ ವ್ಯವಸ್ಥೆ ಬಂತು. ಮೈಸೂರಿನಲ್ಲಿರುವ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ನಜೀರ್ ಸಾಬ್ ಹೆಸರಿದೆ.

ನೋವಿನ ಸಂಗತಿ ಏನೆಂದರೆ, ಅವರ ರಾಜ್ಯದಲ್ಲೇ ಜಿಲ್ಲಾ ಪಂಚಾಯತ್, ತಾಲ್ಲೂಕು ಪಂಚಾಯತ್‌ಗೆ 2016ರಲ್ಲಿ ಆರಿಸಿ ಬಂದವರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಮೈಸೂರು ನಗರಪಾಲಿಕೆಯ 65 ವಾರ್ಡುಗಳ ಸದಸ್ಯರ ಅವಧಿಯೂ 2023ರ ನವೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಅಲ್ಲೂ ಆಡಳಿತಾಧಿಕಾರಿಯದ್ದೇ ಆಡಳಿತ. ಬೀದಿ ದೀಪ ಕೆಟ್ಟರೆ ಹೇಳುವುದಕ್ಕೆ ಕಾರ್ಪೊರೇಟರ್ ಇಲ್ಲ, ಹಳ್ಳಿ ಕಡೆ ಜಿಲ್ಲಾ ಪಂಚಾಯತ್ ಮೆಂಬರ್ ಇಲ್ಲ. ಎಲ್ಲರೂ ಶಾಸಕರ ಮನೆ ಬಾಗಿಲಿಗೇ ಹೋಗಬೇಕು. ಮೈಸೂರು ಜಿಲ್ಲೆಯಲ್ಲಿ 11, ಮಂಡ್ಯದಲ್ಲಿ 7 ವಿಧಾನಸಭಾ ಕ್ಷೇತ್ರ. ಎರಡೂ ಜಿಲ್ಲೆಯ ಚರಂಡಿ, ಕುಡಿಯುವ ನೀರು, ಸ್ಮಶಾನದ ದಾರಿ ಎಲ್ಲಾ 18 ಜನರ ತಲೆ ಮೇಲೆ. ಅವರ ವಾಟ್ಸಾಪ್ ಸುದ್ದಿ ತುಂಬಾ ಗುದ್ದಲಿ ಪೂಜೆಯೇ ಇದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಶಾಸಕರಿಗೆ ಕೊಟ್ಟ ಅರ್ಜಿಯ ದಾರಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸಂಧ್ಯಾ ಸುರಕ್ಷಾ ಪಿಂಚಣಿ ನಿಂತುಹೋಗಿರುವ ಒಬ್ಬ ಅಜ್ಜಿ ಎಂದುಕೊಳ್ಳಿ. ಬಿಳಿ ಹಾಳೆಯಲ್ಲಿ ಯಾರಿಂದಲೋ ಬರೆಸಿದ ಅರ್ಜಿ. ಶಾಸಕರು ಅದರ ಮೂಲೆಯಲ್ಲಿ ‘ತಹಶೀಲ್ದಾರ್, ಪರಿಶೀಲಿಸಿ ಕ್ರಮ ಕೈಗೊಳ್ಳುವುದು’ ಎಂದು ಬರೆದು ಸಹಿ ಹಾಕುತ್ತಾರೆ. ಅಜ್ಜಿ ಅದನ್ನು ಹಿಡಿದುಕೊಂಡು ಮಿನಿ ವಿಧಾನಸೌಧಕ್ಕೆ ಹೋಗುತ್ತಾರೆ. ಟಪಾಲು ವಿಭಾಗದಲ್ಲಿ ಸೀಲು ಬೀಳುತ್ತದೆ. ಅಲ್ಲಿಂದ ಕೇಸ್ ವರ್ಕರ್, ಅಲ್ಲಿಂದ ವರದಿಗೆಂದು ಗ್ರಾಮ ಆಡಳಿತ ಅಧಿಕಾರಿ. ಆಮೇಲೆ ಅದು ಎಲ್ಲಿದೆ ಎಂದು ಅಜ್ಜಿಗೆ ಗೊತ್ತಾಗುವ ದಾರಿ ಕಡಿಮೆ. ಮೂಲೆಯಲ್ಲಿ ಬರೆದ ಆ ಸಾಲಿಗೆ ಗಡುವು ಇಲ್ಲ. ಶಾಸಕರ ಕಚೇರಿಯಲ್ಲೂ ಅದರ ನಕಲು ಉಳಿದಿರುತ್ತದೆ ಎಂದು ಹೇಳಲಾಗದು.

ಗಡುವು ಇರುವ ದಾರಿ ಬೇರೆ ಇದೆ. 2011ರ ಕಾಯ್ದೆಯ ಪ್ರಕಾರ 2012ರ ಏಪ್ರಿಲ್‌ನಲ್ಲಿ ಇಡೀ ರಾಜ್ಯದಲ್ಲಿ ಸಕಾಲ, ಅಂದರೆ ಸರ್ಕಾರಿ ಸೇವೆಯನ್ನು ಗೊತ್ತುಪಡಿಸಿದ ದಿನದೊಳಗೆ ಕೊಡುವ ವ್ಯವಸ್ಥೆ, ಶುರುವಾಯಿತು. ನಾಡಕಚೇರಿಯಲ್ಲೋ ತಾಲ್ಲೂಕು ಕಚೇರಿಯಲ್ಲೋ ಅರ್ಜಿ ಕೊಟ್ಟ ತಕ್ಷಣ ಸ್ವೀಕೃತಿ ಚೀಟಿ, ಅದರಲ್ಲಿ ಒಂದು ನಂಬರು, ಕೆಲಸ ಆಗಬೇಕಾದ ದಿನ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕಬಹುದು. ಮೊತ್ತ ಚಿಕ್ಕದು. ಆದರೆ ಜಾತಿ ಪತ್ರ, ಪಿಂಚಣಿ, ಖಾತೆ ಬದಲಾವಣೆ ಇವೆಲ್ಲ ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವುದಲ್ಲ, ನಮಗೆ ಸಲ್ಲಬೇಕಾದದ್ದು ಎಂದು ಕಾನೂನೇ ಹೇಳಿದೆ. ಚೀಟಿ ಕೇಳಿ ತೆಗೆದುಕೊಳ್ಳಿ ಎಂದು ಶಾಸಕರ ಸುದ್ದಿಯಲ್ಲಿ ಒಂದು ಸಾಲು ಬಂದರೂ ಸಾಕು, ಎಷ್ಟೋ ಜನರ ಅಲೆದಾಟ ತಪ್ಪುತ್ತದೆ.

ಮಧ್ಯೆ ಜನರ ಹತ್ತಿರ ಹೋಗುವ ಪ್ರಯತ್ನಗಳೂ ಆಗಿವೆ. ಎಚ್.ಡಿ. ಕುಮಾರಸ್ವಾಮಿ 2006ರಲ್ಲಿ ಗ್ರಾಮ ವಾಸ್ತವ್ಯ ಮಾಡಿದರು. 2021ರಲ್ಲಿ ‘ಜಿಲ್ಲಾಧಿಕಾರಿಗಳ ನಡೆ ಹಳ್ಳಿ ಕಡೆ’ ಬಂತು. ಆಮೇಲೆ ಸಿದ್ದರಾಮಯ್ಯ ಸರ್ಕಾರದ ಜನಸ್ಪಂದನ. 2023ರ ಆಗಸ್ಟ್ 30ರಂದು ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ ತಿಂಗಳಿಗೆ 2,000 ರೂಪಾಯಿ ನೇರ ಖಾತೆಗೆ ಹಾಕುವ ವ್ಯವಸ್ಥೆ ಬಂತು. ಕಂತು ಯಾಕೆ ಬಂದಿಲ್ಲ ಎಂಬ ಪ್ರಶ್ನೆ ಈಗ ಗುಂಪುಗಳಲ್ಲಿ ಆಗಾಗ ಕಾಣುತ್ತದೆ. ಅಂಥ ಪ್ರಶ್ನೆಗೆ ಶಾಸಕರ ಕಚೇರಿ ಉತ್ತರ ಹಾಕಿದ ದಿನ ಗುಂಪೇ ಸಮಾಧಾನ ಆಗುತ್ತದೆ. ಬರುತ್ತೆ ಅಂದರೆ ಬರುತ್ತೆ, ದಾಖಲೆ ಸರಿ ಇಲ್ಲ ಅಂದರೆ ಇಲ್ಲ. ಜನ ಕೇಳುವುದು ಇಷ್ಟನ್ನೇ.

ಇದಕ್ಕೆ ಹೊಸದಾಗಿ ಏನೂ ಮಾಡಬೇಕಿಲ್ಲ. ವಿಧಾನಸಭೆಯ ಜಾಲತಾಣದಲ್ಲಿ ಪ್ರಶ್ನೋತ್ತರ ಸಿಗುತ್ತದೆ, ಕನ್ನಡದಲ್ಲೇ. ನಮ್ಮ ಕ್ಷೇತ್ರದ ಬಗ್ಗೆ ನಮ್ಮ ಶಾಸಕರು ಏನು ಕೇಳಿದರು ಎಂದು ನಾವೇ ಹುಡುಕಬಹುದು. ಕೆಡಿಪಿ ಸಭೆಗಂತೂ ಪ್ರತಿ ಸಲ ಅನುಪಾಲನಾ ವರದಿ ತಯಾರಾಗುತ್ತದೆ. ಹಿಂದಿನ ಸಭೆಯಲ್ಲಿ ಏನು ಹೇಳಿದ್ದರು, ಇಲಾಖೆ ಏನು ಮಾಡಿತು ಎಂದು ಅದರಲ್ಲಿ ಇಲಾಖೆವಾರು ಇರುತ್ತದೆ. ಹಳೆಯ ಪ್ರತಿನಿಧಿ ಸಭೆಯ ನಡವಳಿ ಪುಸ್ತಕದಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಇದೇ. ಗುದ್ದಲಿ ಪೂಜೆಯ ಫೋಟೋ ಜೊತೆ ಆ ವರದಿಯ ಪಿಡಿಎಫ್ ಅನ್ನೂ ಗುಂಪಿಗೆ ಹಾಕಿ ಎಂದು ನಿಮ್ಮ ಶಾಸಕರ ಕಚೇರಿಗೆ ಕೇಳಿ. ಹಾಕಲಿಲ್ಲ ಎಂದರೆ ತಾಲ್ಲೂಕು ಪಂಚಾಯತ್ ಕಾರ್ಯನಿರ್ವಾಹಕ ಅಧಿಕಾರಿಗೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಕೊಡಿ. 30 ದಿನದೊಳಗೆ ಉತ್ತರ ಕೊಡಬೇಕು.