ಪದ ಪರಿಚಯ: ಜೋಡಿ ಆಂಟಿಬಯಾಟಿಕ್

ಮಂಡ್ಯದ ನಮ್ಮ ಚಿಕ್ಕಮ್ಮನಿಗೆ ಕೀಮೋ ಆದ ಹತ್ತನೇ ದಿನ ಜ್ವರ ಬಂತು. ಥರ್ಮಾಮೀಟರ್‌ನಲ್ಲಿ 101 ಡಿಗ್ರಿ. ‘ಡೋಲೋ ನುಂಗಿ ಮಲಗ್ತೀನಿ, ಬೆಳಿಗ್ಗೆ ನೋಡೋಣ’ ಅಂದರು. ಚಿಕ್ಕಪ್ಪ ಕೇಳಲಿಲ್ಲ, ರಾತ್ರಿಯೇ ಮೈಸೂರಿಗೆ ಕರೆದುಕೊಂಡು ಹೋದರು. ಅಲ್ಲಿ ಡಾಕ್ಟರ್ ಅಂದದ್ದು: ‘ಕೌಂಟ್ ತುಂಬಾ ಇಳಿದಿದೆ, ಎರಡು ಆಂಟಿಬಯಾಟಿಕ್ ಒಟ್ಟಿಗೆ ಶುರು ಮಾಡ್ತೀವಿ.’

ಕೌಂಟ್ ಅಂದರೆ ಇಲ್ಲಿ ಬಿಳಿ ರಕ್ತಕಣ, ಅದರಲ್ಲೂ ಬ್ಯಾಕ್ಟೀರಿಯಾ ಜೊತೆ ಹೋರಾಡುವ ನ್ಯೂಟ್ರೋಫಿಲ್ ಅನ್ನುವ ಬಗೆ. ಎಷ್ಟೋ ರಿಪೋರ್ಟ್‌ಗಳಲ್ಲಿ ಅದನ್ನು ನಾವೇ ಲೆಕ್ಕ ಹಾಕಬೇಕು. ಚಿಕ್ಕಮ್ಮನ ಟೋಟಲ್ ಕೌಂಟ್ 1,200, ಅದರಲ್ಲಿ ನ್ಯೂಟ್ರೋಫಿಲ್ ಶೇ. 20. ಅಂದರೆ ಬರೀ 240. 500ಕ್ಕಿಂತ ಕೆಳಗೆ ಹೋದರೇ ಅಪಾಯ. ಕೀಮೋ ಆಗಿ ಒಂದೆರಡು ವಾರದಲ್ಲಿ ಹೀಗೆ ಇಳಿಯೋದು ಹೊಸದೇನಲ್ಲ.

ಕೀವು ಅಂತೀವಲ್ಲ, ಅದರಲ್ಲಿ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳೇ. ಅವೇ ಇಲ್ಲದಿದ್ದರೆ ಕೀವು ಎಲ್ಲಿಂದ ಬರಬೇಕು? ಊತ, ಕೆಂಪು ಕೂಡ ಕಡಿಮೆ. ಎಷ್ಟೋ ಸಲ ಸೋಂಕಿನ ಸುಳಿವು ಕೊಡೋದು ಜ್ವರ ಒಂದೇ. ಸುಮ್ನೆ ಡೋಲೋ ನುಂಗಿದರೆ ಅದೂ ಮುಚ್ಚಿಹೋಗುತ್ತದೆ.

ಯಾವ ಬ್ಯಾಕ್ಟೀರಿಯಾ ಅಂತ ತಿಳಿಯೋಕೆ ರಕ್ತದ ಕಲ್ಚರ್ ಮಾಡಬೇಕು, ಅಂದರೆ ರಕ್ತದಲ್ಲಿರುವುದನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಬೇಕು, ಅದಕ್ಕೆ ಎರಡು ಮೂರು ದಿನ ಹಿಡಿಯುತ್ತದೆ. ಅಷ್ಟು ಹೊತ್ತು ಕಾಯುವಂತಿಲ್ಲ. ಕಲ್ಚರ್‌ಗೆ ರಕ್ತ ತೆಗೆದು, ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ಔಷಧಿ ಶುರುವಾಗಬೇಕು. ಚಿಕ್ಕಮ್ಮನಿಗೆ ಕೊಟ್ಟದ್ದು ಪೈಪರಾಸಿಲಿನ್-ಟಾಜೊಬ್ಯಾಕ್ಟಮ್ ಮತ್ತು ಅಮಿಕಾಸಿನ್. ಮೊದಲನೆಯದು ಬ್ಯಾಕ್ಟೀರಿಯಾದ ಗೋಡೆ ಕೆಡಿಸುತ್ತದೆ, ಎರಡನೆಯದು ಅದು ಪ್ರೋಟೀನ್ ತಯಾರಿಸದಂತೆ ತಡೆಯುತ್ತದೆ. ಒಂದಕ್ಕೆ ಬಗ್ಗದ್ದು ಇನ್ನೊಂದಕ್ಕೆ ಬಗ್ಗಲಿ ಅನ್ನೋದು ಲೆಕ್ಕ.

ಎರಡು ಕೊಟ್ಟರೆ ಪವರ್ ಜಾಸ್ತಿ ಅಂತ ನಮ್ಮ ಮನೆಯಲ್ಲೂ ಅಂದುಕೊಂಡಿದ್ದರು. ಹಾಗಲ್ಲ. 1970ರ ದಶಕದಲ್ಲಿ ಒಂದೇ ಔಷಧಿಯನ್ನು ನಂಬಿ ಕೂರುವ ಹಾಗಿರಲಿಲ್ಲ, ಅದಕ್ಕೇ ಜೋಡಿ ರೂಢಿಗೆ ಬಂತು. ಈಗ ಹಲವು ಬಗೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಔಷಧಿಗಳಿವೆ. ಬಿಪಿ ಚೆನ್ನಾಗಿದ್ದವರಿಗೆ ಸಾಮಾನ್ಯವಾಗಿ ಅಂಥದ್ದೊಂದೇ ಸಾಕು. ಬಿಪಿ ಕುಸಿದಿದ್ದರೆ, ಅಥವಾ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾದ ಅನುಮಾನವಿದ್ದರೆ ಮಾತ್ರ ಎರಡನೆಯದನ್ನು ಸೇರಿಸುತ್ತಾರೆ. ಅಮಿಕಾಸಿನ್ ಕಿಡ್ನಿಗೂ ಕಿವಿಗೂ ಪೆಟ್ಟು ಕೊಡಬಲ್ಲದು, ಅಷ್ಟು ಸಲೀಸಾಗಿ ಹಾಕುವ ಔಷಧಿಯಲ್ಲ.

ಚಿಕ್ಕಮ್ಮನ ಬಿಪಿ ಆ ರಾತ್ರಿ 80ಕ್ಕೆ ಇಳಿದಿತ್ತು. ಮೂರನೇ ದಿನ ಕಲ್ಚರ್ ರಿಪೋರ್ಟ್ ಬಂತು, ಮೊದಲನೆಯದೊಂದೇ ಸಾಕು ಅಂತ ಗೊತ್ತಾಗಿ ಅಮಿಕಾಸಿನ್ ನಿಲ್ಲಿಸಿದರು. ‘ಒಂದು ಬಾಟ್ಲಿ ಕಮ್ಮಿ ಮಾಡ್ಬಿಟ್ರಲ್ಲಪ್ಪಾ’ ಅಂತ ಚಿಕ್ಕಮ್ಮ ಗಾಬರಿ. ಸಿಸ್ಟರ್ ನಕ್ಕು, ‘ಒಳ್ಳೇದೇ ಆಯ್ತು ಬಿಡೀಮ್ಮ, ನಿಮ್ಮ ಕಿಡ್ನಿ ಉಳೀತು’ ಅಂದರು.