ಲೋವರ್ ಆರ್ಮ್ ಪೂರ್ತಿ ಹಾಕಬೇಕಾ, ಬುಷ್ ಹಾಕಿದರೆ ಸಾಕಾ?

ಪ್ರಶ್ನೆ: ನಮ್ಮದು ಇಸುಜು ಡಿ-ಮ್ಯಾಕ್ಸ್ ಪಿಕಪ್. ಗದಗ–ಹುಬ್ಬಳ್ಳಿ ನಡುವೆ ವಾರಕ್ಕೆ ನಾಲ್ಕು ಟ್ರಿಪ್ ಆಗುತ್ತವೆ. ಒಂದು ತಿಂಗಳಿಂದ ಹಂಪ್ ಇಳಿಯುವಾಗ ಎಡಗಡೆ ಮುಂದಿನ ಗಾಲಿಯಿಂದ 'ಕಟಕ್' ಅಂತ ಸಪ್ಪಳ ಬರುತ್ತಿದೆ. ಅದೇ ಗಾಲಿಯ ಟೈರ್ ಒಳ ಅಂಚಿನಲ್ಲಿ ಜಾಸ್ತಿ ಸವೆದಿದೆ. ಒಬ್ಬ ಮಿಸ್ತ್ರಿ "ಲೋವರ್ ಆರ್ಮ್ ಹೋಗೇತ್ರಿ, ಎರಡೂ ಕಡೆ ಹೊಸಾವು ಹಾಕ್ಬೇಕು" ಅಂದರು. ಇನ್ನೊಬ್ಬರು "ಬರೇ ಬುಷ್ ಹಾಕಿದ್ರ ಸಾಕು" ಅಂದರು. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರದ್ದೂ ಬೇಡ. ಗಾಡಿ ಎತ್ತಿ, ಗಾಲಿ ಅಲ್ಲಾಡಿಸಿ, ಹಾರೆ ಹಾಕಿ ನೋಡದೆ ಹೇಳಿದ್ದಾದರೆ ಎರಡೂ ಬರೀ ಅಂದಾಜು.

ಮೊದಲು ಆ ಆರ್ಮ್ ಅಂದರೆ ಏನು ಅಂತ ಕಣ್ಣಾರೆ ನೋಡಿಕೊಳ್ಳಿ. ಮುಂದಿನ ಗಾಲಿ ಹಿಂದೆ ಬಗ್ಗಿದರೆ ಕವೆಗೋಲಿನ ಆಕಾರದ ಒಂದು ದಪ್ಪ ಕಬ್ಬಿಣ ಕಾಣುತ್ತದೆ. ಕವಲಿನ ಎರಡು ತುದಿ ಚಾಸಿಗೆ, ಒಂಟಿ ತುದಿ ಗಾಲಿ ಕಡೆಗೆ. ಚಾಸಿ ಕಡೆಯ ಎರಡೂ ತುದಿಯಲ್ಲಿ ರಬ್ಬರ್ ಬುಷ್ ಇರುತ್ತದೆ. ಗಾಲಿ ಕಡೆ ಬಾಲ್ ಜಾಯಿಂಟ್, ಅಂದರೆ ಬಟ್ಟಲೊಳಗೆ ಗುಂಡು ಕೂತು ಎಲ್ಲ ಕಡೆ ತಿರುಗುವ ಕೀಲು. ಗಾಲಿ ಮೇಲೆ ಕೆಳಗೆ ಆಡುವಾಗ ಬುಷ್ ತಿರುಗಿಕೊಡುತ್ತದೆ, ಸ್ಟೇರಿಂಗ್ ತಿರುಗಿಸುವಾಗ ಬಾಲ್ ಜಾಯಿಂಟ್ ತಿರುಗಿಕೊಡುತ್ತದೆ. ನಡುವಿನ ಕಬ್ಬಿಣ ಸವೆಯುವ ವಸ್ತುವೇ ಅಲ್ಲ. ಅದು ಬಾಗಬಹುದು, ಬಿರುಕು ಬಿಡಬಹುದು, ಅಷ್ಟೇ. ಹಾಗಾಗಿ "ಆರ್ಮ್ ಹೋಗಿದೆ" ಅಂತ ಯಾರಾದರೂ ಅಂದರೆ ತಿರುಗಿ ಕೇಳಿ: ಅದರಲ್ಲಿ ಯಾವುದು ಹೋಗಿದೆ?

ಇಲ್ಲಿ ಒಂದು ಮಾತು. ಇದೇ ಪ್ರಶ್ನೆಯನ್ನು ಹಳೆಯ ಟಾಟಾ ಏಸ್, ಅಶೋಕ್ ಲೇಲ್ಯಾಂಡ್ ದೋಸ್ತ್ ಇಟ್ಟುಕೊಂಡವರೂ ಕೇಳುತ್ತಾರೆ. ಆ ಗಾಡಿಗಳ ಮುಂದೆ ಲೋವರ್ ಆರ್ಮ್ ಇಲ್ಲವೇ ಇಲ್ಲ. ಅಡ್ಡಕ್ಕೆ ಒಂದೇ ಗಟ್ಟಿ ಆ್ಯಕ್ಸಲ್, ಅದರ ಮೇಲೆ ಪಾಟಾ (ಪಟ್ಟಿ ಸ್ಪ್ರಿಂಗ್). ಅಲ್ಲಿ ಸಪ್ಪಳ ಬಂದರೆ ಕಿಂಗ್ ಪಿನ್ (ಸ್ಟೇರಿಂಗ್ ತಿರುಗಿಸಿದಾಗ ಗಾಲಿ ತಿರುಗುವ ಗೂಟ), ಪಾಟಾದ ಬುಷ್ ನೋಡಬೇಕು. ನಿಮ್ಮ ಡಿ-ಮ್ಯಾಕ್ಸ್‌ನಲ್ಲಿ, ಹಾಗೇ ಟೊಯೋಟಾ ಹೈಲಕ್ಸ್‌ನಲ್ಲಿ, ಒಂದೊಂದು ಗಾಲಿಗೂ ಮೇಲೊಂದು ಕೆಳಗೊಂದು ಆರ್ಮ್, ನಡುವೆ ಕಾಯಿಲ್ ಸ್ಪ್ರಿಂಗ್. ಬೇರೆ ಪಿಕಪ್ ಇದ್ದವರು ಹೆಸರು ನೋಡಿ ತೀರ್ಮಾನಿಸಬೇಡಿ. ಮಾಡೆಲ್ ಬದಲಾದರೆ ಕೆಳಗಿರೋದೂ ಬದಲಾಗುತ್ತದೆ, ಬಗ್ಗಿಯೇ ನೋಡಿ.

ಪರೀಕ್ಷೆಗೆ ಮುಂಚೆ ಗಾಡಿ ತೊಳೆಸಿ. ತಮಾಷೆಗೆ ಹೇಳುತ್ತಿಲ್ಲ. ಅಣ್ಣಿಗೇರಿ, ನವಲಗುಂದ ಕಡೆ ಹೊಲಕ್ಕೆ ಇಳಿದು ಬಂದ ಗಾಡಿಯ ಗಾಲಿ ಡಿಸ್ಕಿನ (ರಿಮ್ಮಿನ) ಒಳಗೆ ಎರೆ ಮಣ್ಣು ಮೆತ್ತಿಕೊಂಡು ಒಣಗಿ ಕಲ್ಲಾಗಿರುತ್ತದೆ. ಒಂದೇ ಕಡೆ ಭಾರ ಕೂತರೆ ಸಾಕು, ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ. ಆರ್ಮ್ ಹೋಗಿದೆ ಅಂತ ಬಂದು, ಮಣ್ಣು ಕೆರೆಸಿಕೊಂಡು ವಾಪಸ್ ಹೋದವರನ್ನು ನೋಡಿದ್ದೇನೆ. ಮಣ್ಣು ಹೋದ ಮೇಲೆ ರಬ್ಬರೂ ನೆಟ್ಟಗೆ ಕಾಣುತ್ತದೆ.

ಸಪ್ಪಳವನ್ನೂ ಸ್ವಲ್ಪ ಕಿವಿಗೊಟ್ಟು ಕೇಳಿ. ಸಣ್ಣ ಸಣ್ಣ ಗುಂಡಿಗೆ 'ಟಕಟಕ' ಅಂತ ಹಗುರಾಗಿ ಬಂದರೆ ಅದು ಹೆಚ್ಚಾಗಿ ಸ್ಟೆಬಿಲೈಸರ್‌ನ (ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವ ಅಡ್ಡ ಸರಳಿನ) ಲಿಂಕ್ ರಾಡ್. ಸಣ್ಣ ಸಾಮಾನು, ಕಡಿಮೆ ಖರ್ಚು. ಬ್ರೇಕ್ ಹಿಡಿದಾಗ, ಅಥವಾ ರಿವರ್ಸ್‌ನಿಂದ ಮುಂದಕ್ಕೆ ಎಳೆದಾಗ ಒಂದೇ ಸಲ 'ಧಡ್' ಅಂದರೆ ಬುಷ್ ಮೇಲೆ ಅನುಮಾನ. ಹಂಪ್ ಮೇಲೆ ನಿಧಾನಕ್ಕೆ ಹೋಗುವಾಗ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ 'ಕಟಕ್' ಅಂದರೆ ಬಾಲ್ ಜಾಯಿಂಟ್. ಇವು ಸುಳಿವು ಮಾತ್ರ, ತೀರ್ಪಲ್ಲ.

ತೀರ್ಪು ಬೇಕಾದರೆ ಜಾಕ್ ಬೇಕು. ಅದನ್ನು ಎಲ್ಲಿ ಇಡುತ್ತಾರೆ ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ನಿಮ್ಮ ಗಾಡಿಯಲ್ಲಿ ಸ್ಪ್ರಿಂಗಿನ ಭಾರ ಕೂರುವುದು ಕೆಳಗಿನ ಆರ್ಮ್ ಮೇಲೆ. ಚಾಸಿಗೆ ಜಾಕ್ ಕೊಟ್ಟು ಎತ್ತಿದರೆ ಸ್ಪ್ರಿಂಗ್ ಆ ಆರ್ಮನ್ನು ಕೆಳಕ್ಕೆ ಒತ್ತಿ ಹಿಡಿದಿರುತ್ತದೆ. ಬಾಲ್ ಜಾಯಿಂಟ್ ಸವೆದಿದ್ದರೂ ಬಿಗಿಯಾಗಿಯೇ ಕಾಣುತ್ತದೆ. "ಪ್ಲೇ ಏನೂ ಇಲ್ರಿ" ಅಂತ ಕಳಿಸಿದ ಗಾಡಿ ಮತ್ತೆ ಸಪ್ಪಳ ಮಾಡುವುದು ಹೀಗೆ. ಜಾಕನ್ನು ಕೆಳಗಿನ ಆರ್ಮ್ ಅಡಿ, ಬಾಲ್ ಜಾಯಿಂಟಿಗೆ ಆದಷ್ಟು ಹತ್ತಿರ ಕೊಟ್ಟು ಎತ್ತಿಸಿ. ಆಮೇಲೆ ಟೈರಿನ ಅಡಿ ಹಾರೆ ತೂರಿಸಿ ಮೇಲಕ್ಕೆ ಮೀಟಲಿ. ನೀವು ಟಾರ್ಚ್ ಹಿಡಿದು ಜಾಯಿಂಟನ್ನೇ ನೋಡುತ್ತಿರಿ. ಅಲ್ಲಿ ಸಂದು ತೆರೆದು ಮುಚ್ಚಿದರೆ ಅದು ಹೋಗಿದೆ.

ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಡಿದರೆ ಗಾಲಿ ಬೇರಿಂಗೂ ಇರಬಹುದು. ಒಬ್ಬರು ಒಳಗೆ ಕೂತು ಬ್ರೇಕ್ ತುಳಿಯಲಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ಎಡ ಬಲ ಹಿಡಿದಾಗ ಆಡುವುದು ಸಾಮಾನ್ಯವಾಗಿ ಟೈ ರಾಡ್, ಅಂದರೆ ಸ್ಟೇರಿಂಗಿನಿಂದ ಗಾಲಿಗೆ ಹೋಗುವ ಸರಳು.

ಬುಷ್ ನೋಡಲು ಗಾಡಿ ನೆಲದ ಮೇಲೇ ಇರಲಿ. ಆರ್ಮಿಗೂ ಚಾಸಿಗೂ ನಡುವೆ ಹಾರೆ ಕೊಟ್ಟು ಮೀಟಿದರೆ ಆರ್ಮ್ ಸ್ವಲ್ಪ ಮಿಸುಕಿ ವಾಪಸ್ ಬರಬೇಕು. ಮೇಲ್ಮೈಯಲ್ಲಿ ಸಣ್ಣ ಬಿರುಕು ಕಂಡ ತಕ್ಷಣ ಹೆದರಬೇಡಿ. ರಬ್ಬರ್ ಒಳಗಿನ ಕೊಳವೆಯಿಂದ ಬಿಟ್ಟಿದ್ದರೆ, ಬೋಲ್ಟ್ ಹೋಗುವ ತೂತು ನಡುವೆ ಇರದೆ ಒಂದು ಬದಿಗೆ ಸರಿದಿದ್ದರೆ, ಆಗ ಬದಲಿಸಿ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಬುಷ್ ಮಾತ್ರ ಹೋಗಿದ್ದು ಕಬ್ಬಿಣ ಚೆನ್ನಾಗಿದ್ದರೆ ಬುಷ್ ಸಾಕು. ಬಾಲ್ ಜಾಯಿಂಟ್ ಬಿಡಿಯಾಗಿ ಸಿಗುವ ಗಾಡಿಯಾದರೆ ಅದೊಂದೇ ಸಾಕು. ಕೆಲವು ಆರ್ಮ್‌ಗಳಲ್ಲಿ ಅದು ಆರ್ಮಿನ ಜೊತೆಗೇ ಬರುತ್ತದೆ, ಆಗ ಬೇರೆ ದಾರಿ ಇಲ್ಲ. ಬುಷ್ಷು, ಬಾಲ್ ಜಾಯಿಂಟು ಎರಡೂ ಹೋಗಿದ್ದರೆ ಲೇತ್ ಅಂಗಡಿಯ ಕೂಲಿ ಎಲ್ಲ ಸೇರಿಸಿ ಲೆಕ್ಕ ಹಾಕಿ. ಎಷ್ಟೋ ಸಲ ಹೊಸ ಆರ್ಮೇ ಅಗ್ಗ. ಕಬ್ಬಿಣ ಬಾಗಿದ್ದರೆ ಮಾತ್ರ ಚರ್ಚೆಯೇ ಬೇಡ, ಹೊಸದು ಹಾಕಿ. ಕಾಯಿಸಿ ಬಡಿದು ನೆಟ್ಟಗೆ ಮಾಡಿಕೊಡುತ್ತೇವೆ, ವೆಲ್ಡಿಂಗ್ ಹೊಡೆಯುತ್ತೇವೆ ಅನ್ನುವವರಿಗೆ ಕೈ ಮುಗಿದು ಬನ್ನಿ.

ಎರಡೂ ಕಡೆ ಬೇಕಾ? ಬುಷ್ ಆದರೆ ಹೌದು, ಎರಡೂ ಒಂದೇ ವಯಸ್ಸಿನವು. ಗುಂಡಿಗೆ ಬಿದ್ದು ಎಡಗಡೆ ಆರ್ಮ್ ಬಾಗಿದ್ದರೆ ಬಲಗಡೆಯದ್ದು ಯಾಕೆ?

ಬಾಲ್ ಜಾಯಿಂಟಿನಲ್ಲಿ ಕಣ್ಣಿಗೆ ಕಾಣುವಷ್ಟು ಆಟ ಇದ್ದರೆ ಗಾಡಿ ಓಡಿಸಿಕೊಂಡು ಹುಬ್ಬಳ್ಳಿಗೆ ಹೋಗಬೇಡಿ. ಅದು ಕಳಚಿಕೊಂಡರೆ ಗಾಲಿ ಅಲ್ಲೇ ಮಗುಚಿ ಮಲಗುತ್ತದೆ, ಸ್ಟೇರಿಂಗ್ ಕೈಯಲ್ಲಿದ್ದೂ ಇಲ್ಲದ ಹಾಗೆ. ಮಿಸ್ತ್ರಿಯನ್ನೇ ಕರೆಸಿ.

ಇನ್ನು ಫಿಟ್ಟಿಂಗ್. ನನಗೆ ಜಾಸ್ತಿ ಹೇಳಬೇಕಾಗಿರುವುದು ಇದರ ಬಗ್ಗೆಯೇ. ಕೆಲವು ವರ್ಷದ ಹಿಂದೆ ನನ್ನ ಗಾಡಿಗೆ ಎರಡೂ ಕಡೆ ಹೊಸ ಬುಷ್ ಹಾಕಿಸಿದ್ದೆ. ಸಾಮಾನು ಒಳ್ಳೆಯದೇ, ಡಬ್ಬಿ ನಾನೇ ಒಡೆದು ಕೊಟ್ಟಿದ್ದು. ನಾಲ್ಕೇ ತಿಂಗಳಿಗೆ ಮತ್ತೆ 'ಧಡ್'. ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ಲೇತ್ ಅಂಗಡಿಯಲ್ಲಿ ಪ್ರೆಸ್ಸಿಗೆ ಕೊಟ್ಟು ಅವನ್ನು ತೆಗೆಸಿದೆ. ಅಂಗಡಿಯ ಹಿರಿಯರು ಒಂದು ಬುಷ್ ಎತ್ತಿ ಬೆಳಕಿಗೆ ಹಿಡಿದರು. ರಬ್ಬರ್ ಇನ್ನೂ ಹೊಸದರ ಹಾಗೆ ಕಪ್ಪಗೆ ಮಿಂಚುತ್ತಿತ್ತು. ಆದರೆ ಸುತ್ತಲೂ ಓರೆಯಾಗಿ ಗೆರೆ ಎದ್ದು, ಒಂದು ಕಡೆ ಬಾಯಿ ಬಿಟ್ಟಿತ್ತು. "ಇದು ಸವದಿದ್ದಲ್ಲ ತಮ್ಮಾ. ಹಸಿ ಅರಿವಿ ಹಿಂಡಿದಂಗ ಹಿಂಡಿ ಹರದದ. ಗಾಲಿ ನೇತಾಡೂ ಮುಂದ ಬೋಲ್ಟ್ ಬಿಗದಾರ," ಅಂದರು.

ಅವರು ಹೇಳಿದ್ದು ಇಷ್ಟು. ಬುಷ್ಷಿನ ಒಳಗೊಂದು ಕಬ್ಬಿಣದ ಕೊಳವೆ ಇದೆ. ಬೋಲ್ಟ್ ಬಿಗಿದಾಗ ಆ ಕೊಳವೆ ಚಾಸಿಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ತಿರುಗುವುದಿಲ್ಲ. ಆರ್ಮ್ ಆಡಿದಾಗ ತಿರುಚಿಕೊಳ್ಳುವುದು ನಡುವಿನ ರಬ್ಬರ್. ಬಿಗಿಯುವ ಹೊತ್ತಿಗೆ ಆರ್ಮ್ ಯಾವ ಮಟ್ಟದಲ್ಲಿತ್ತೋ ಅದೇ ರಬ್ಬರಿಗೆ ವಿಶ್ರಾಂತಿಯ ಜಾಗ. ಗಾಡಿ ಎತ್ತಿ, ಗಾಲಿ ಕೆಳಕ್ಕೆ ನೇತಾಡುತ್ತಿರುವಾಗ ಬಿಗಿದರೆ, ಇಳಿಸಿದ ಕ್ಷಣವೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ. ಮನೆ ಮುಂದೆ ನಿಂತಾಗಲೂ ತಿರುಚಿಕೊಂಡೇ ಇರುತ್ತದೆ. ಅದರ ಮೇಲೆ ಗುಂಡಿ ಬಂದರೆ ಇನ್ನಷ್ಟು.

ಸರಿಯಾದ ಕ್ರಮ ಹೀಗೆ: ಬೋಲ್ಟ್ ಹಾಕಿ, ನಟ್ ಕೈಬಿಗಿ ಮಾಡಿ ಬಿಡಬೇಕು. ಗಾಲಿ ಹಾಕಿ ಗಾಡಿ ಇಳಿಸಬೇಕು. ಮುಂಭಾಗವನ್ನು ನಾಲ್ಕಾರು ಸಲ ಒತ್ತಿ ಕುಣಿಸಿ, ಸ್ವಲ್ಪ ಹಿಂದೆ ಮುಂದೆ ಉರುಳಿಸಿ, ಗಾಡಿ ತನ್ನ ಮಟ್ಟಕ್ಕೆ ಕೂತ ಮೇಲೆ ಬುಷ್ ಬೋಲ್ಟ್ ಬಿಗಿಯಬೇಕು. ಕೆಳಗೆ ಪಾನಾ ಹಿಡಿಯಲು ಜಾಗ ಸಾಲದು ಅನ್ನುತ್ತಾರೆ. ಗಾಡಿ ಅಡಿ ಇಳಿದು ಕೆಲಸ ಮಾಡುವ ಗುಂಡಿ ಇರುವ ಗ್ಯಾರೇಜಿಗೆ ಹೋಗಿ. ಇಲ್ಲವೇ ಆರ್ಮ್ ಅಡಿ ಜಾಕ್ ಕೊಟ್ಟು ಅದೇ ಮಟ್ಟಕ್ಕೆ ಎತ್ತಿಸಿ. ಮಟ್ಟವನ್ನು ಅಂದಾಜಿಗೆ ಬಿಡಬೇಡಿ, ಕೆಲಸ ಶುರು ಮಾಡುವ ಮುಂಚೆಯೇ ಗಾಲಿಯ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಬರೆದಿಟ್ಟುಕೊಳ್ಳಿ. ಆ ಅಳತೆಗೆ ಬಂದಾಗ ಬಿಗಿಯಿರಿ ಅಂತ ಹೇಳಿದರೆ ವಾದಕ್ಕೆ ಜಾಗವೇ ಇರುವುದಿಲ್ಲ. ಎಷ್ಟು ಬಿಗಿ ಅನ್ನುವುದು ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿದೆ. ಸಾಮಾನ್ಯವಾಗಿ 100 ನ್ಯೂಟನ್ ಮೀಟರ್‌ಗಿಂತ ಮೇಲೇ. ಟಾರ್ಕ್ ಪಾನಾ ಇದ್ದವರ ಹತ್ತಿರ ಮಾಡಿಸಿ.

ಬಿಚ್ಚುವಾಗಲೂ ಪಕ್ಕದಲ್ಲಿ ನಿಂತಿರಿ. ಹಿಂದಿನ ಗಾಲಿಗೆ ಕಲ್ಲು, ಚಾಸಿ ಅಡಿ ಸ್ಟ್ಯಾಂಡ್ ಇಲ್ಲದೆ ಯಾರೂ ಗಾಡಿ ಕೆಳಗೆ ಹೋಗಬಾರದು. ಜಾಕ್ ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕಲ್ಲ. ಆರ್ಮಿನ ಬೋಲ್ಟ್ ತಲೆಯ ಹತ್ತಿರ ಗೆರೆ ಹಾಕಿದ ವಾಷರ್ ಇದ್ದರೆ ಅದು ಅಲೈನ್‌ಮೆಂಟಿನದು, ಅಂದರೆ ಗಾಲಿಯ ಕೋನ ಹೊಂದಿಸುವುದು. ಬಿಚ್ಚುವ ಮುಂಚೆ ಪೇಂಟಿನಲ್ಲಿ ಗುರುತು ಹಾಕಿಸಿ. ಬಾಲ್ ಜಾಯಿಂಟ್ ಬಿಡಿಸಲು ನಟ್ಟನ್ನು ಪೂರ್ತಿ ತೆಗೆಯದೆ ಒಂದೆರಡು ಸುತ್ತು ಉಳಿಸಿ, ಸುತ್ತಿಗೆ ಏಟನ್ನು ನಕಲ್‌ನ (ಗಾಲಿ ಹೊತ್ತಿರುವ, ಜಾಯಿಂಟ್ ಕೂರುವ ಕಬ್ಬಿಣದ) ಕಿವಿಗೆ ಕೊಡಬೇಕು, ಬೋಲ್ಟಿನ ಮರೆಗೆ (ಥ್ರೆಡ್‌ಗೆ) ಅಲ್ಲ. ಹಾಕುವಾಗ ಜಾಯಿಂಟಿನ ಬೋಲ್ಟ್ ನಕಲ್‌ನಲ್ಲಿ ಕೂರುವ ಓರೆ ಜಾಗಕ್ಕೆ ಗ್ರೀಸ್ ಬೇಡ, ಒಣಗಿರಲಿ. ಸ್ಪ್ಲಿಟ್ ಪಿನ್ನಿನ ತೂತು ಕೂಡದಿದ್ದರೆ ನಟ್ಟನ್ನು ಸಡಿಲಿಸಿ ಕೂಡಿಸಬಾರದು, ಇನ್ನಷ್ಟು ಬಿಗಿದು ಮುಂದಿನ ಸಂದಿಗೆ ತರಬೇಕು. ಪಿನ್ ಹೊಸದೇ ಇರಲಿ, ಅದರಲ್ಲಿ ಏನು ಉಳಿತಾಯ?

ಹಳೆ ಬುಷ್ ಬರದಿದ್ದರೆ ಗ್ಯಾಸ್ ಹಚ್ಚಿ ಸುಡುವ ಅಭ್ಯಾಸ ಕೆಲವರಿಗಿದೆ. ರಬ್ಬರಿನ ಜೊತೆ ಆರ್ಮೂ ಕೆಂಪಗೆ ಕಾಯುತ್ತದೆ, ಗಟ್ಟಿತನ ಹೋಗುತ್ತದೆ. ಪ್ರೆಸ್ ಇರುವ ಲೇತ್ ಅಂಗಡಿಗೆ ಒಯ್ಯಿರಿ.

ತಾವೇ ಗಾಡಿ ಬಿಚ್ಚಿ ಕೆಲಸ ಮಾಡುವ ಓದುಗರಿಗೆ ಒಂದು ಎಚ್ಚರಿಕೆ. ನಿಮ್ಮ ಡಿ-ಮ್ಯಾಕ್ಸ್ ತರಹದ್ದರಲ್ಲಿ ಸ್ಪ್ರಿಂಗ್ ಶಾಕ್ ಅಬ್ಸಾರ್ಬರ್‌ನ ಸುತ್ತಲೇ ಬಂಧಿಯಾಗಿರುತ್ತದೆ. ಸ್ಪ್ರಿಂಗ್ ಬೇರೆಯಾಗಿ ಆರ್ಮ್ ಮೇಲೆ ಕೂತಿರುವ ಗಾಡಿಯಲ್ಲಿ, ಅಥವಾ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಇರುವ ಗಾಡಿಯಲ್ಲಿ, ಒತ್ತಡ ಇಳಿಸದೆ ಆರ್ಮ್ ಬಿಚ್ಚಿದರೆ ಅದು ಸಿಡಿಯುತ್ತದೆ. ಅಂಥದ್ದನ್ನು ಮನೆ ಅಂಗಳದಲ್ಲಿ ಮಾಡಬೇಡಿ.

ಹೊಸದು ಹಾಕಿದ ಮೇಲೂ ರಸ್ತೆ ಅದೇ ಇರುತ್ತದಲ್ಲ. ಎರೆ ನೆಲ ಮಳೆಗೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ, ಮೇಲಿನ ಡಾಂಬರು ಅದರ ಜೊತೆ ಏಳುತ್ತದೆ, ಬೀಳುತ್ತದೆ. ಗುಂಡಿ ತಪ್ಪಿಸಲು ಆಗದಿದ್ದರೆ ಮುಂಚೆಯೇ ಬ್ರೇಕ್ ಹಿಡಿದು ವೇಗ ಇಳಿಸಿ, ಗಾಲಿ ಇಳಿಯುವ ಹೊತ್ತಿಗೆ ಬ್ರೇಕ್ ಬಿಡಿ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ಬಂದು ಅದೇ ಆರ್ಮ್ ಮೇಲೆ ಕೂತಿರುತ್ತದೆ. ಬ್ಯಾಡಗಿಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಹೋಗುವವರು, ಹಿಂದಿನ ಪಾಟಾ ಚೆನ್ನಾಗಿರುವಾಗ ಮುಂದಿನದ್ದು ಯಾಕೆ ಹೋಯಿತು ಅಂತ ಕೇಳುತ್ತಾರೆ. ಕಾರಣ ಬಹುಪಾಲು ಇದೇ.

ಕೊನೆಗೆ ಅಲೈನ್‌ಮೆಂಟ್. ಆರ್ಮ್ ಆಗಲಿ ಬುಷ್ ಆಗಲಿ, ಮುಟ್ಟಿದ ಮೇಲೆ ಮಾಡಿಸಲೇಬೇಕು. ಟೋ (ಮೇಲಿಂದ ನೋಡಿದಾಗ ಗಾಲಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಒಂದನ್ನೇ ನೋಡಿ ಕಳಿಸುವುದು ಬೇಡ. ಅದರ ಜೊತೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಗಾಲಿಯ ವಾಲು), ಕ್ಯಾಸ್ಟರ್ (ಗಾಲಿ ತಿರುಗುವ ಅಕ್ಷದ ಹಿಂದೆ ಮುಂದಿನ ವಾಲು), ಮೂರೂ ಬರುವ ಪ್ರಿಂಟ್ ಕೇಳಿ. ಬುಷ್ಷು, ಬಾಲ್ ಜಾಯಿಂಟು ಎಲ್ಲ ಹೊಸದಾದ ಮೇಲೂ ಎಡಗಡೆಯ ಕ್ಯಾಂಬರ್ ಅಳತೆಯೊಳಗೆ ಬರದಿದ್ದರೆ ಕಬ್ಬಿಣ ಬಾಗಿರಬಹುದು. ಆಗ ಮೊದಲ ಮಿಸ್ತ್ರಿಯ ಮಾತಿಗೆ ವಾಪಸ್ ಬರಬೇಕಾಗುತ್ತದೆ, ಎಡಗಡೆಗೆ ಮಾತ್ರ. ಒಳ ಅಂಚು ಸವೆದ ಆ ಟೈರಿನಲ್ಲಿ ತಂತಿ ಕಾಣುತ್ತಿದ್ದರೆ ಅದನ್ನು ಸ್ಟೆಪ್ನಿಗೂ ಇಟ್ಟುಕೊಳ್ಳಬೇಡಿ.