ಅಂಬೆಗಾಲಿಡುವ ಆಟಗಾರರು

ಮಂಡಿ ಆಪರೇಷನ್ ಆದ ಫುಟ್‌ಬಾಲ್ ಆಟಗಾರ. ಬೆನ್ನುನೋವಿನಿಂದ ಮೈದಾನ ಬಿಟ್ಟ ಫಾಸ್ಟ್ ಬೌಲರ್. ಇಂಥವರಿಗೆ ಫಿಸಿಯೋಥೆರಪಿಸ್ಟ್ ಏನು ಮಾಡಿಸುತ್ತಾರೆ? ಎಷ್ಟೋ ಕಡೆ ಮೊದಲು ಅಂಗಾತ ಮಲಗಿಸಿ ಕೈಕಾಲು ಮೇಲೆತ್ತಿಸುತ್ತಾರೆ. ಆಮೇಲೆ ಮಗ್ಗುಲಿಗೆ ಹೊರಳಿಸುತ್ತಾರೆ. ಸ್ವಲ್ಪ ದಿನ ಕಳೆದರೆ ಅಂಬೆಗಾಲು. ಆರಡಿ ಎತ್ತರದ ಆಳು ಹಾಗೆ ಹೋಗುವುದನ್ನು ನೋಡಿದರೆ ನಗು ಬರುತ್ತೆ, ಸುಳ್ಳು ಯಾಕೆ. ಆದರೆ ಇದರ ಹಿಂದೆ ಅರವತ್ತು ವರ್ಷಕ್ಕಿಂತ ಹಳೆಯ ಯೋಚನೆಯೊಂದಿದೆ: ಮಗು ಚಲನೆ ಕಲಿಯುವ ಕ್ರಮವನ್ನೇ ಚಿಕಿತ್ಸೆಗೆ ಬಳಸುವುದು. ಅದರಲ್ಲಿ ಒಂದಷ್ಟು ಗಟ್ಟಿಯಾಗಿ ನಿಂತಿದೆ. ಉಳಿದದ್ದರ ಬಗ್ಗೆ ನನಗೆ ತಕರಾರಿದೆ.

ಯೋಚನೆ ಹುಟ್ಟಿದ್ದು ಚೆಕೊಸ್ಲೊವಾಕಿಯಾದಲ್ಲಿ. ವಾಕ್ಲಾವ್ ವೊಯ್ಟಾ ಎಂಬ ನರರೋಗ ವೈದ್ಯರು ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಚಲನೆಗೆ ತೊಡಕಾಗುವ ಸ್ಥಿತಿ) ಇದ್ದ ಮಕ್ಕಳಿಗೆ ಚಿಕಿತ್ಸೆ ಕೊಡುತ್ತಿದ್ದರು. ಮಗುವನ್ನು ಒಂದು ಭಂಗಿಯಲ್ಲಿಟ್ಟು ಮೈಯ ಕೆಲವು ಜಾಗಗಳನ್ನು ಒತ್ತಿದರೆ, ಹೊರಳುವ, ತೆವಳುವ ಚಲನೆಯ ತುಣುಕುಗಳು ತಾವಾಗಿಯೇ ಬರುತ್ತಿದ್ದವು. ಹಾಗಾದರೆ ಇವೆಲ್ಲ ನರವ್ಯವಸ್ಥೆಯೊಳಗೆ ಹುಟ್ಟಿನಿಂದಲೇ ಬರೆದಿಟ್ಟಿರಬೇಕು ಅಂತ ಅವರು ತೀರ್ಮಾನಿಸಿದರು. ಮುಂದೆ ಪ್ರಾಗ್‌ನ ಪಾವೆಲ್ ಕೊಲಾರ್ ಇದನ್ನು ದೊಡ್ಡವರಿಗೂ ಆಟಗಾರರಿಗೂ ಒಗ್ಗಿಸಿದರು. ಅವರ ಪದ್ಧತಿಯ ಹೆಸರು ಡೈನಾಮಿಕ್ ನ್ಯೂರೋಮಸ್ಕುಲರ್ ಸ್ಟೆಬಿಲೈಸೇಶನ್. ಬಾಯಿಗೆ ದೊಡ್ಡದಾಯಿತು, ಎಲ್ಲರೂ ಡಿಎನ್‌ಎಸ್ ಅಂತಲೇ ಕರೆಯುತ್ತಾರೆ.

ಮೂರು, ಮೂರೂವರೆ ತಿಂಗಳ ಮಗುವನ್ನು ಅಂಗಾತ ಮಲಗಿಸಿ ನೋಡಿ. ತಲೆ ಈಗ ಒಂದೇ ಪಕ್ಕಕ್ಕೆ ವಾಲುವುದಿಲ್ಲ, ನಡುವೆ ನಿಲ್ಲುತ್ತದೆ. ಕಾಲು ಮಡಚಿ ಮೇಲೆತ್ತಿ ಹಿಡಿಯುತ್ತದೆ. ಎರಡೂ ಕೈ ಎದೆಯ ಮೇಲೆ ಒಂದನ್ನೊಂದು ಹುಡುಕುತ್ತವೆ. ಇದಕ್ಕೆ ಮೊದಲು ಕಾಲು ಒದೆಯುತ್ತಿರಲಿಲ್ಲವೇ? ಒದೆಯುತ್ತಿತ್ತು. ಆದರೆ ಒಂದು ಕಾಲು ಝಾಡಿಸಿದರೆ ಇಡೀ ಮೈ ಅದರ ಜೊತೆ ಓಲಾಡುತ್ತಿತ್ತು. ಈಗ ಮುಂಡ ಒಂದು ಕಡೆ ನಿಂತಿರುತ್ತದೆ, ಕೈಕಾಲು ಅದನ್ನು ಆಧಾರ ಮಾಡಿಕೊಂಡು ಆಡುತ್ತವೆ.

ಈ ಆಧಾರ ಬರುವುದು ಹೊಟ್ಟೆಯೊಳಗಿನ ಒತ್ತಡದಿಂದ. ಮೇಲೆ ವಪೆ (ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು, ಡಯಾಫ್ರಮ್), ಕೆಳಗೆ ವಸ್ತಿಕುಹರದ (ಪೆಲ್ವಿಸ್) ತಳದ ಸ್ನಾಯುಗಳು, ಸುತ್ತಲೂ ಹೊಟ್ಟೆಯ ಗೋಡೆ, ಹಿಂದೆ ಬೆನ್ನೆಲುಬಿಗೆ ಅಂಟಿದ ಸಣ್ಣ ಸ್ನಾಯುಗಳು. ವಪೆ ಕೆಳಗಿಳಿದಾಗ ಉಳಿದವು ಹದವಾಗಿ ಎದುರು ಹಿಡಿದರೆ ಹೊಟ್ಟೆ ಗಾಳಿ ತುಂಬಿದ ಟ್ಯೂಬಿನಂತೆ ಬಿಗಿಯಾಗುತ್ತದೆ, ಸೊಂಟದ ಭಾಗದ ಬೆನ್ನೆಲುಬಿಗೆ ಮುಂದಿನಿಂದ ಆಸರೆ ಸಿಗುತ್ತದೆ. ಅಂದರೆ ವಪೆಗೆ ಎರಡು ಕೆಲಸ. ಉಸಿರಾಡಿಸಬೇಕು, ಮೈಯನ್ನೂ ನಿಲ್ಲಿಸಬೇಕು.

ಇದು ಬರೀ ಊಹೆ ಅಲ್ಲ. 1996ರಲ್ಲಿ ಆಸ್ಟ್ರೇಲಿಯಾದ ಪಾಲ್ ಹಾಡ್ಜಸ್ ಮತ್ತು ಕ್ಯಾರಲಿನ್ ರಿಚರ್ಡ್‌ಸನ್ ಸ್ನಾಯುಗಳಿಗೆ ಎಲೆಕ್ಟ್ರೋಡ್ ಹಾಕಿ ನೋಡಿದರು. ಕೈಯನ್ನು ಥಟ್ಟನೆ ಎತ್ತಿ ಅಂದಾಗ, ಭುಜದ ಸ್ನಾಯುವಿಗಿಂತ ಮೊದಲೇ ಹೊಟ್ಟೆಯ ಒಳಪದರದ ಸ್ನಾಯು ಬಿಗಿಯಾಗಿರುತ್ತಿತ್ತು. ಬೆನ್ನುನೋವು ಕಾಡಿದ್ದವರಲ್ಲಿ ಅದು ತಡವಾಗುತ್ತಿತ್ತು. 2012ರಲ್ಲಿ ಕೊಲಾರ್ ತಂಡ ಎಂಆರ್‌ಐ ಬಳಸಿ ವಪೆಯನ್ನೇ ನೋಡಿತು. ಕೈಕಾಲಿಗೆ ಬಲ ಹಾಕುವಾಗ, ಹಳೆಯ ಬೆನ್ನುನೋವು ಇದ್ದವರ ವಪೆ ಕಡಿಮೆ ಇಳಿಯುತ್ತಿತ್ತು. ನೋವಿನಿಂದ ಹೀಗಾಯಿತೋ, ಹೀಗಿದ್ದುದರಿಂದ ನೋವು ಬಂತೋ, ಈ ಪ್ರಯೋಗಗಳಿಂದ ಹೇಳುವ ಹಾಗಿಲ್ಲ.

ನಿಮ್ಮ ಮೈಯಲ್ಲೇ ನೋಡಬಹುದು. ಅಂಗಾತ ಮಲಗಿ, ಸೊಂಟ ಮತ್ತು ಮಂಡಿ ಎರಡೂ ತೊಂಬತ್ತು ಡಿಗ್ರಿ ಮಡಚುವಂತೆ ಕಾಲುಗಳನ್ನು ಕುರ್ಚಿಯ ಮೇಲಿಡಿ. ಪಕ್ಕೆಲುಬು ಮುಗಿಯುವಲ್ಲಿಗೂ ಸೊಂಟದ ಮೂಳೆಗೂ ನಡುವೆ, ಎರಡೂ ಪಕ್ಕ, ಬೆರಳೂರಿ. ಉಸಿರೆಳೆದಾಗ ಬೆರಳು ಹೊರಕ್ಕೆ ಸರಿಯಬೇಕು. ಬರೀ ಎದೆ ಮೇಲೆದ್ದರೆ ಸಾಲದು. ಈಗ ಕಾಲುಗಳನ್ನು ಕುರ್ಚಿಯಿಂದ ಒಂದಿಷ್ಟು ಎತ್ತಿ ಹಿಡಿದು ಉಸಿರಾಟ ಮುಂದುವರಿಸಿ. ಬಹಳ ಜನರಿಗೆ ಇಲ್ಲೇ ಕೈಕೊಡುತ್ತದೆ. ಪಕ್ಕೆಲುಬು ಮೇಲಕ್ಕೆ ಏಳುತ್ತದೆ, ಸೊಂಟ ಕಮಾನಾಗುತ್ತದೆ, ಉಸಿರು ಕಟ್ಟುತ್ತದೆ. ಆಪರೇಷನ್ ಆಗಿದ್ದರೆ, ತೀವ್ರ ನೋವಿದ್ದರೆ ಸುಮ್ನೆ ಪ್ರಯೋಗ ಬೇಡ, ಫಿಸಿಯೋ ಎದುರಿಗೇ ಮಾಡಿ.

ಇಲ್ಲಿಯವರೆಗೆ ಸರಿ. ತಕರಾರು ಶುರುವಾಗುವುದು, ಮಗು ಮಾಡುವುದೆಲ್ಲ ‘ಸರಿಯಾದ ಚಲನೆ’, ದೊಡ್ಡವರು ಅದಕ್ಕೆ ವಾಪಸ್ ಹೋಗಬೇಕು ಎಂದಾಗ. ವರ್ಷದ ಮಗು ಕುಕ್ಕರಗಾಲಲ್ಲಿ ಕೂತಿರುವ ಫೋಟೋ ಹಾಕಿ, ನೋಡಿ ಎಷ್ಟು ಚೆನ್ನಾಗಿ ಸ್ಕ್ವಾಟ್ ಮಾಡುತ್ತೆ ಅನ್ನುತ್ತಾರಲ್ಲ, ಅದನ್ನೇ ತೆಗೆದುಕೊಳ್ಳಿ. ಹುಟ್ಟಿದಾಗ ತಲೆಯೇ ಮೈಯುದ್ದದ ಕಾಲುಭಾಗ, ವರ್ಷವಾದರೂ ಹೆಚ್ಚೇನೂ ಬದಲಾಗಿರುವುದಿಲ್ಲ. ದೊಡ್ಡವರಲ್ಲಿ ಅದು ಏಳು, ಎಂಟರಲ್ಲಿ ಒಂದು ಪಾಲು. ಮಗುವಿನ ತೊಡೆಮೂಳೆ ಗಿಡ್ಡ, ಕೀಲುಗಳು ಮೆದು. ಉದ್ದ ಕಾಲಿನ ಬಾಸ್ಕೆಟ್‌ಬಾಲ್ ಆಟಗಾರನಿಗೆ ಹಾಗೆ ಕೂರಲು ಬರದಿದ್ದರೆ ಅವನೇನೂ ‘ಮರೆತಿಲ್ಲ’. ಅವನ ಮೈಯ ಅಳತೆಯೇ ಬೇರೆ.

ಎಲ್ಲವೂ ಮೊದಲೇ ಬರೆದಿಟ್ಟಿದೆ ಎಂಬ ಮಾತನ್ನು ಅಲುಗಾಡಿಸಿದವರು ಅಮೆರಿಕದ ಎಸ್ತರ್ ಥೀಲನ್. ಆಗಷ್ಟೇ ಹುಟ್ಟಿದ ಮಗುವನ್ನು ಎತ್ತಿ ಹಿಡಿದು ಪಾದ ನೆಲಕ್ಕೆ ತಾಗಿಸಿದರೆ ಹೆಜ್ಜೆ ಹಾಕುವಂತೆ ಕಾಲಾಡಿಸುತ್ತದೆ. ಎರಡು ತಿಂಗಳ ಹೊತ್ತಿಗೆ ಅದು ನಿಲ್ಲುತ್ತದೆ. ಮೆದುಳು ಬಲಿತು ಅದನ್ನು ಅದುಮಿಬಿಡುತ್ತದೆ ಅಂತ ಪಠ್ಯಪುಸ್ತಕಗಳು ಹೇಳುತ್ತಿದ್ದವು. 1980ರ ದಶಕದಲ್ಲಿ ಥೀಲನ್ ಅಂಥ ಮಕ್ಕಳನ್ನು ಎದೆಮಟ್ಟದ ನೀರಿನಲ್ಲಿ ಹಿಡಿದು ನೋಡಿದರು. ಹೆಜ್ಜೆ ವಾಪಸ್ ಬಂತು! ಇನ್ನೂ ಕಾಲಾಡಿಸುತ್ತಿದ್ದ ಮಕ್ಕಳ ಕಾಲಿಗೆ ಸಣ್ಣ ತೂಕ ಕಟ್ಟಿದರು. ಹೆಜ್ಜೆ ಕಡಿಮೆಯಾಯಿತು. ಆಗಿದ್ದಿಷ್ಟೇ, ಕಾಲಿಗೆ ಕೊಬ್ಬು ಸೇರಿ ಭಾರ ಜಾಸ್ತಿಯಾಗಿತ್ತು, ಬಲ ಇನ್ನೂ ಬಂದಿರಲಿಲ್ಲ.

ಗಾಯಗೊಂಡ ಆಟಗಾರನ ಕುಂಟುನಡಿಗೆಯನ್ನೂ ಹೀಗೆ ನೋಡಬಹುದು. ನಡೆಯುವುದು ಮರೆತುಹೋಗಿದೆ ಅಂತ ಭಾವಿಸಿ ಕಲಿಸಲು ಹೊರಡುವ ಮೊದಲು, ಭಾರ ಇಳಿಸಿ ನೋಡಿ. ನೀರೊಳಗಿನ ಟ್ರೆಡ್‌ಮಿಲ್ ಮೇಲೆ ಅದೇ ಮನುಷ್ಯ ನೀಟಾಗಿ ನಡೆದರೆ, ಕೊರತೆ ಇರುವುದು ಬಲದಲ್ಲಿ. ಎಲ್ಲ ಕುಂಟೂ ಹೀಗೇ ಅಂತಲ್ಲ. ಬಾವು ಇರುವ ಮಂಡಿಯಲ್ಲಿ ನರವ್ಯವಸ್ಥೆ ತೊಡೆಯ ಸ್ನಾಯುವನ್ನು ಪೂರ್ತಿ ಕೆಲಸ ಮಾಡದಂತೆ ನಿಜಕ್ಕೂ ತಡೆಹಿಡಿಯುತ್ತದೆ. ಅಂಗಾತ ಮಲಗಿಸುವುದು, ಅಂಬೆಗಾಲಿಡಿಸುವುದು ಕೆಲಸ ಮಾಡುವುದಕ್ಕೂ ಬಹುಶಃ ಇದೇ ಕಾರಣ. ಅಲ್ಲಿ ಭಾರ ಕಡಿಮೆ, ಬೀಳುವ ಭಯವಿಲ್ಲ, ಸಂಭಾಳಿಸಬೇಕಾದ ಕೀಲುಗಳೂ ಕಡಿಮೆ. ಮೆದುಳಿನ ಹಳೆಯ ಕಡತ ತೆರೆದುಕೊಳ್ಳುತ್ತದೆ ಅನ್ನೋ ವಿವರಣೆ ಬೇಕಾಗಿಯೇ ಇಲ್ಲ.

ಅಂಬೆಗಾಲು ಕಡ್ಡಾಯವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ವರದಿ ಕೊಟ್ಟಿತು. ಶೇ. 4.3ರಷ್ಟು ಮಕ್ಕಳು ಕೈ ಮತ್ತು ಮಂಡಿಯೂರಿ ಹೋಗಲೇ ಇಲ್ಲ. ಒಬ್ಬರೇ ನಡೆಯಲು ಶುರುಮಾಡುವ ವಯಸ್ಸು 8.2 ತಿಂಗಳಿಂದ 17.6 ತಿಂಗಳವರೆಗೆ ಹರಡಿತ್ತು. ಮಗು ಅಂಬೆಗಾಲಿಡಲಿಲ್ಲ, ಮುಂದೆ ಬೆನ್ನುನೋವು ಬರುತ್ತೆ ಅಂತ ಹೆದರಿಸುವವರ ಮಾತಿಗೆ ಆಧಾರವಿಲ್ಲ.

ಹಾಗಾದರೆ ಮಗುವಿನಿಂದ ಕಲಿಯುವುದು ಏನು? ನನ್ನ ಪ್ರಕಾರ ಅದರ ಅಭ್ಯಾಸದ ರೀತಿ. ನ್ಯೂಯಾರ್ಕ್‌ನ ಕ್ಯಾರೆನ್ ಅಡಾಲ್ಫ್ ತಂಡ ಒಂದರಿಂದ ಒಂದೂವರೆ ವರ್ಷದ ಮಕ್ಕಳು ಆಟವಾಡುವುದನ್ನು ವಿಡಿಯೋ ಮಾಡಿ ಲೆಕ್ಕ ಹಾಕಿತು. ಸರಾಸರಿ ಗಂಟೆಗೆ 2,368 ಹೆಜ್ಜೆ, 17 ಸಲ ಬೀಳುವುದು. ನೇರ ಸಾಲಿನಲ್ಲಿ ಒಂದೇ ಥರ ಹತ್ತತ್ತು ಸಲ ಅಲ್ಲ. ಎರಡು ಹೆಜ್ಜೆ, ನಿಲುಗಡೆ, ತಿರುವು, ಮತ್ತೆ ನಾಲ್ಕು ಹೆಜ್ಜೆ. ‘ಹೊಟ್ಟೆ ಬಿಗಿ ಹಿಡಿ’ ಅಂತ ಯಾರೂ ಹೇಳುವುದಿಲ್ಲ. ಅದರ ಕಣ್ಣು ಆಟಿಕೆಯ ಮೇಲಿರುತ್ತದೆ. ದೊಡ್ಡವರಿಗೂ ಇದು ನಡೆಯುತ್ತದೆ. ಗೇಬ್ರಿಯೆಲ್ ವುಲ್ಫ್ ಮತ್ತು ಜೊತೆಗಾರರು 1998ರಲ್ಲಿ ಸ್ಕೀಯಿಂಗ್ ಯಂತ್ರದ ಮೇಲೆ ಜನರಿಗೆ ತರಬೇತಿ ಕೊಟ್ಟರು. ತಮ್ಮ ಪಾದದ ಮೇಲೆ ಗಮನವಿಟ್ಟವರಿಗಿಂತ, ಪಾದದ ಕೆಳಗಿನ ಚಕ್ರಗಳ ಮೇಲೆ ಗಮನವಿಟ್ಟವರು ಚೆನ್ನಾಗಿ ಕಲಿತರು. ಅಂಬೆಗಾಲು ಮಾಡಿಸುವಾಗ ಇಂಥ ಸ್ನಾಯು ಬಿಗಿ ಮಾಡಿ ಅನ್ನುವುದಕ್ಕಿಂತ, ಅಲ್ಲಿರುವ ಚೆಂಡನ್ನು ಮುಟ್ಟಿ ಅಂದರೆ ಒಳ್ಳೆಯದು.

ಅಡಾಲ್ಫ್ ಅವರ ಇನ್ನೊಂದು ಪ್ರಯೋಗ ಫಿಸಿಯೋ, ಕೋಚ್ ಎಲ್ಲರೂ ತಿಳಿದಿರಬೇಕಾದದ್ದು. ಏರಿಳಿತ ಬದಲಿಸಬಹುದಾದ ಇಳಿಜಾರಿನ ಮೇಲೆ ಮಕ್ಕಳನ್ನು ಬಿಟ್ಟರು. ವಾರಗಟ್ಟಲೆ ಅಂಬೆಗಾಲಿಟ್ಟು ಪಳಗಿದ ಮಗು ಕಡಿದಾದ ಇಳಿಜಾರು ಕಂಡರೆ ನಿಲ್ಲುತ್ತದೆ, ಇಲ್ಲವೇ ಹಿಂದುಮುಂದಾಗಿ ಜಾರಿಕೊಂಡು ಇಳಿಯುತ್ತದೆ. ಅದೇ ಮಗು ನಡೆಯಲು ಕಲಿತ ಹೊಸತರಲ್ಲಿ ಅದೇ ಇಳಿಜಾರಿಗೆ ನೇರ ಹೆಜ್ಜೆ ಇಟ್ಟು ಮುಗ್ಗರಿಸುತ್ತದೆ. (ಹಿಡಿಯಲು ಒಬ್ಬರು ಪಕ್ಕದಲ್ಲೇ ಇರುತ್ತಿದ್ದರು.) ಮಂಡಿಯೂರಿ ಕಲಿತ ಅಂದಾಜು ನಿಂತ ಮೈಗೆ ದಾಟಲಿಲ್ಲ, ಮತ್ತೆ ಮೊದಲಿಂದ ಕಲಿಯಬೇಕಾಯಿತು.

ಬೆನ್ನುನೋವಿನ ಬೌಲರ್‌ಗೆ ಇದು ನೇರವಾಗಿ ಅನ್ವಯಿಸುತ್ತದೆ. ಫಾಸ್ಟ್ ಬೌಲರ್‌ಗಳ ಬೆನ್ನೆಲುಬು ಸೊಂಟದ ಭಾಗದಲ್ಲಿ ಬಿರುಕು ಬಿಡುವುದು ಹೆಚ್ಚಾಗಿ ಬೌಲಿಂಗ್ ಕೈಯ ಎದುರು ಪಕ್ಕದಲ್ಲಿ. ಮುಂದಿನ ಕಾಲು ಊರಿದಾಗ ಮೈಭಾರದ ಹಲವು ಪಟ್ಟು ಹೊಡೆತ ಬೀಳುತ್ತದೆ, ಅದೇ ಕ್ಷಣದಲ್ಲಿ ಸೊಂಟ ಹಿಂದಕ್ಕೆ ಬಾಗಿ ಪಕ್ಕಕ್ಕೆ ವಾಲಿರುತ್ತದೆ. ಬಲಗೈ, ಎಡಮಂಡಿ ಅಂತ ಅಂಬೆಗಾಲಿನಲ್ಲಿ ಎಷ್ಟೇ ಪಳಗಿದರೂ ಆ ಹೊಡೆತದ ಪರಿಚಯವಾಗುವುದಿಲ್ಲ. ಹಳೆಯ ಬೆನ್ನುನೋವಿಗೆ ವ್ಯಾಯಾಮ ಎಷ್ಟು ಉಪಯೋಗ ಅಂತ ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2021ರ ಪರಿಶೀಲನೆ 249 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ವ್ಯಾಯಾಮದಿಂದ ನೋವು ಕಡಿಮೆಯಾಗುತ್ತದೆ ಎಂಬುದಕ್ಕೆ ಅಲ್ಲಿ ಬೆಂಬಲ ಸಿಕ್ಕಿತು. ಡಿಎನ್‌ಎಸ್ ಬೇರೆಲ್ಲಕ್ಕಿಂತ ಮೇಲು ಅನ್ನುವಷ್ಟು ಪುರಾವೆ ಇಲ್ಲ.

ಹಾಗಾಗಿ ನೆಲದ ಮೇಲಿನ ವಾರಗಳು ಇರಲಿ, ಆದರೆ ಅಲ್ಲೇ ಉಳಿಯಬಾರದು. ಮೂಳೆ ಕೂಡಿದೆ ಅಂತ ಡಾಕ್ಟರ್ ಹೇಳಿದ ಮೇಲೆ ಒಂಟಿ ಮಂಡಿಯೂರಿ ಎಸೆತ, ನಿಂತು ಎಸೆತ, ತೂಕ ಎತ್ತುವುದು, ಓಟ, ನೆಗೆತ. ಆಮೇಲೆ ಗಿಡ್ಡ ರನ್‌ಅಪ್‌ನಲ್ಲಿ, ಅರ್ಧ ವೇಗದಲ್ಲಿ, ಎಣಿಸಿದಷ್ಟೇ ಚೆಂಡು, ನಡುವೆ ಬಿಡುವಿನ ದಿನ. ಮುಂದಿನ ವಾರ ಹಿಂದಿನ ವಾರಕ್ಕಿಂತ ಸ್ವಲ್ಪವೇ ಜಾಸ್ತಿ. ಅಂಗಾತ ಮಲಗಿ ಕಾಲೆತ್ತುವುದನ್ನು ಅಷ್ಟು ಹೊತ್ತಿಗೆ ವಾರ್ಮ್‌ಅಪ್‌ಗೆ ಸೇರಿಸಿದರೆ ಸಾಕು.